ಮೂವತ್ತೇಳು ಮಕ್ಕಳ ಒಬ್ಬಳೇ ಅಜ್ಜಿ

ಮೂವತ್ತೆಂಟು ಹೆಸರುಗಳಲ್ಲಿ ಮೂವತ್ತೇಳು ಕೆಂಪಾಗಿದ್ದವು. ಸುಕನ್ಯ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಏನೂ ಬದಲಾಗಿರಲಿಲ್ಲ.

"ಎಂಟನೇ ಕ್ಲಾಸು, ಬಿ ಸೆಕ್ಷನ್. ನಿಮ್ದೇ ಅಲ್ವಾ ಮೇಡಂ?" ಪ್ರಿನ್ಸಿಪಾಲ್ ಶ್ರೀನಿವಾಸ್ ಲ್ಯಾಪ್‌ಟಾಪನ್ನು ಅವಳ ಕಡೆಗೆ ಇನ್ನಷ್ಟು ತಿರುಗಿಸಿದರು. "ತೊಂಬತ್ತಾರು ಪರ್ಸೆಂಟ್ ಒಂದೇ ತರ ಬರೆದಿದ್ದಾರೆ. ಮೂವತ್ತೇಳು ಮಕ್ಕಳಿಗೂ ಒಬ್ಬಳೇ ಅಜ್ಜಿ. ಆ ಅಜ್ಜಿಗೆ ಒಂದು ಹಸು. ಹಸು ಹೆಸರು ಗೌರಿ."

ಗೌರಿಯ ಪರಿಚಯ ಸುಕನ್ಯಳಿಗೆ ಚೆನ್ನಾಗಿಯೇ ಇತ್ತು. ಹತ್ತೊಂಬತ್ತು ವರ್ಷಗಳಿಂದ, ಯಾವ ಶಾಲೆಯಲ್ಲಿದ್ದರೂ, 'ನಾನು ಕಳೆದ ಬೇಸಿಗೆ ರಜೆ' ಎಂಬ ಪ್ರಬಂಧದಲ್ಲಿ ಆ ಹಸುವನ್ನು ಅವಳೇ ಕಟ್ಟಿ, ಬಿಚ್ಚಿ, ಹಾಲು ಕರೆಸಿದ್ದಳು. ಆ ಪ್ರಬಂಧ ಬೆಳಗಿನ ಜಾವ ಕೋಳಿ ಕೂಗುವುದರಿಂದ ಶುರುವಾಗಿ, ಅಜ್ಜಿ ಬಡಿಸಿದ ಮುದ್ದೆ ಉಂಡು, ಮಾವಿನ ಮರ ಹತ್ತಿ, 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯೊಂದಿಗೆ ಮುಗಿಯುತ್ತಿತ್ತು. ಅದನ್ನು ಅವಳಿಗೆ ಬರೆಸಿದ್ದು ಅವಳ ಹೈಸ್ಕೂಲಿನ ಯಮುನಾ ಮೇಡಂ. ಸುಕನ್ಯಳ ಸ್ವಂತ ಅಜ್ಜಿ ಕೆ.ಆರ್. ಪುರದ ಸಂತೆಯಲ್ಲಿ ಬಳೆ ಮಾರುತ್ತಿದ್ದವಳು. ಹಸು ಸಾಕಿದವಳಲ್ಲ, ಮೊಮ್ಮಗಳಿಗೆ ಬಡಿಸಿದ್ದಕ್ಕಿಂತ ಬೈದದ್ದೇ ಹೆಚ್ಚು. ಅದನ್ನೆಲ್ಲ ಬರೆದರೆ ಹತ್ತಕ್ಕೆ ಹತ್ತು ಯಾರು ಕೊಡುತ್ತಾರೆ?

"ಎಲ್ಲಿಂದ ಬಂತು ಇದು ಅಂತ ನಿಮಗೇನಾದ್ರೂ ಐಡಿಯಾ ಇದೆಯಾ?"

"ಇಲ್ಲ ಸರ್" ಎಂದಳು ಸುಕನ್ಯ. ಮಾತು ಬಾಯಿಂದ ಬಿದ್ದ ಮೇಲೆ ಅದು ಸುಳ್ಳು ಎಂದು ಅವಳಿಗೆ ಹೊಳೆಯಿತು.

ಜೂನ್ ತಿಂಗಳಲ್ಲಿ ಸುತ್ತೋಲೆ ಬಂದಿತ್ತು. ಇನ್ನು ಮುಂದೆ ಯಾವ ಶಿಕ್ಷಕರೂ ಮಾದರಿ ಪ್ರಬಂಧ ಬರೆಸುವಂತಿಲ್ಲ, ಮಕ್ಕಳ ಸೃಜನಶೀಲತೆ ಅರಳಬೇಕು, ವಾರಕ್ಕೊಂದು ಪೀರಿಯಡ್ ಮಕ್ಕಳು ತಮಗೆ ತೋಚಿದ್ದನ್ನು ಟ್ಯಾಬಿನಲ್ಲಿ ಬರೆಯಬೇಕು, ಅದನ್ನು ಹೊಸ ಸಾಫ್ಟ್‌ವೇರ್ ಓದಿ ಅಂಕ ಕೊಡುತ್ತದೆ ಎಂದು. ತಪ್ಪಿದವರ ಕಾಂಟ್ರ್ಯಾಕ್ಟ್ ಮುಂದುವರಿಯುವುದಿಲ್ಲ ಎಂಬ ಸಾಲು ಕೊನೆಯಲ್ಲಿತ್ತು. ಸುಕನ್ಯ ಸಹಿ ಹಾಕಿದ್ದಳು. ಅವಳ ಕಾಂಟ್ರ್ಯಾಕ್ಟ್ ಮುಗಿಯುವುದು ಇದೇ ತಿಂಗಳ ಮೂವತ್ತೊಂದಕ್ಕೆ. ತರಗತಿಯ ಸರಾಸರಿ ಅಂಕ ನೋಡಿ ಮುಂದಿನದು ಎಂದು ಬೇರೆ ಹೇಳಿದ್ದರು.

ಹಾಗಾಗಿ ಮೊದಲ ಸೃಜನ ಪೀರಿಯಡ್ಡಿಗೆ ಎರಡು ದಿನ ಮುಂಚೆ ಅವಳು ಬಾಗಿಲು ಮುಂದೆ ಮಾಡಿಕೊಂಡು, ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಳ್ಳಿ ಎಂದು ಮಕ್ಕಳಿಗೆ ಗೌರಿಯ ಕಥೆ ಬರೆಸಿದ್ದಳು. "ಇದು ನಾನು ಬರೆಸಿದ್ದು ಅಂತ ಯಾರ ಹತ್ರಾನೂ ಹೇಳ್ಬೇಡಿ" ಎಂದಿದ್ದಳು. ಅವಳ ಕಾಲದಲ್ಲಿ ಇಲಾಖೆಯ ಇನ್ಸ್‌ಪೆಕ್ಟರು ಬಂದಾಗ ಇಡೀ ತರಗತಿ ಒಂದೇ ಉತ್ತರ ಹೇಳಿದರೆ ಮೇಡಮ್ಮಿಗೆ ಶಭಾಷ್‌ಗಿರಿ ಸಿಗುತ್ತಿತ್ತು. ಮೆಷಿನ್ನೂ ಒಂದು ಬಗೆಯ ಇನ್ಸ್‌ಪೆಕ್ಟರೇ ಎಂದುಕೊಂಡಿದ್ದಳು. ಅದು ಮೂವತ್ತೆಂಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನಿಮಗೆ ಹೇಗೆ ಗೊತ್ತಿರತ್ತೆ, ಬಿಡಿ" ಎಂದರು ಶ್ರೀನಿವಾಸ್. ಕೆಟ್ಟ ಮನುಷ್ಯರಲ್ಲ. ಮಕ್ಕಳು ಹೊಸದಾಗಿ ಯೋಚಿಸಬೇಕು ಎಂದು ನಿಜಕ್ಕೂ ಆಸೆಪಡುತ್ತಿದ್ದರು, ಅದೇ ಅವರೊಂದಿಗಿನ ಕಷ್ಟ. "ವಾಟ್ಸ್ಯಾಪಲ್ಲಿ ಹಂಚ್ಕೊಂಡಿರ್ತಾರೆ. ಯಾರು ಮೊದಲು ಕಳಿಸಿದ್ರೋ ಅವರನ್ನ ಸಿಸ್ಟಮ್ಮು ಮೂಲ ಅಂತ ತೋರಿಸತ್ತೆ. ನೋಡಿ ಇಲ್ಲಿ, ಲುಬ್ನಾ. ಹದಿನಾಲ್ಕು ನಿಮಿಷಕ್ಕೆ ಬರೆದು ಕಳಿಸಿಬಿಟ್ಟಿದ್ದಾಳೆ. ಅವರಮ್ಮನ್ನ ಹನ್ನೆರಡಕ್ಕೆ ಬರಕ್ಕೆ ಹೇಳಿದೀನಿ. ಮಿಕ್ಕೋರಿಗೆ ವಾರ್ನಿಂಗು. ಇವಳಿಗೆ ಮಾತ್ರ ಟಿಸಿ ಕೊಡ್ಬೇಕಾಗತ್ತೆ."

ಸುಕನ್ಯ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು.

"ಅದೊಂದು ಹಸಿರು ಯಾರದು ಸರ್?"

"ಮುನೀಂದ್ರ. ಸಿಸ್ಟಮ್ಮು ನೂರಕ್ಕೆ ತೊಂಬತ್ತೊಂದು ಕೊಟ್ಟಿದೆ. ನೀವು ಅವನಿಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದೀರ."

ಬರೆಸಿದ ದಿನ ಮುನೀಂದ್ರ ಜ್ವರ ಬಂದು ರಜೆ ಹಾಕಿದ್ದ. ಅವನು ಬರೆದದ್ದು ಅವಳಿಗೆ ನೆನಪಿತ್ತು. 'ನಾವು ರಜೆಗೆ ಊರಿಗೆ ಹೋಗುವುದಿಲ್ಲ. ನಮ್ಮ ಊರು ಹಲಸೂರೇ. ಈಗ ಮೆಟ್ರೋ ಕಂಬ ಇರುವ ಕಡೆ ನಮ್ಮ ಸೊಪ್ಪಿನ ಮಡಿ ಇತ್ತು ಎಂದು ತಾತ ದೊಡ್ಡಮುನಿಯಪ್ಪ ಹೇಳುತ್ತಾರೆ. ನಾನೂ ತಾತನೂ ಟಿಕೆಟ್ ತೆಗೆದುಕೊಂಡು ನಮ್ಮ ತೋಟದ ಮೇಲೆ ಹೋಗಿ ಬಂದೆವು.' ಅದರ ಪ್ರಿಂಟ್ ತೆಗೆಸಿ, ಕೆಳಗೆ ಅವಳು ಕೆಂಪಕ್ಷರದಲ್ಲಿ 'ಪೀಠಿಕೆ ಇಲ್ಲ, ಗಾದೆ ಇಲ್ಲ' ಎಂದು ಬರೆದಿದ್ದಳು.

ಸ್ಟಾಫ್ ರೂಮಿಗೆ ಹೋಗಿ ಕುಳಿತರೂ ಕೂರಲಾಗಲಿಲ್ಲ. ಎರಡು ಸಲ ನೀರು ಕುಡಿದಳು. ಹೇಳಿದರೆ ಕೆಲಸ ಹೋಗುತ್ತದೆ. ನಲವತ್ತಾರನೇ ವಯಸ್ಸಿಗೆ, ಟ್ಯಾಬ್ ಹಿಡಿಯಲು ಕೈ ನಡುಗುವ ಕನ್ನಡ ಮೇಡಮ್ಮನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಹೇಳದಿದ್ದರೆ ಆ ಹುಡುಗಿ ಹೋಗುತ್ತಾಳೆ. ಮಕ್ಕಳಲ್ಲಿ ಯಾರಾದರೂ ತಾವಾಗಿಯೇ ಬಾಯಿ ಬಿಟ್ಟರೆ ಎಂಬ ಭಯ ಒಂದು ಕಡೆ, ಬಿಟ್ಟರೆ ಸಾಕಪ್ಪ ಎಂಬ ಆಸೆ ಇನ್ನೊಂದು ಕಡೆ. ಪಕ್ಕದಲ್ಲಿ ಗಣಿತದ ಹಂಸ, "ಏನ್ರೀ ಸುಕನ್ಯ, ಮುಖ ಬಿಳುಚ್ಕೊಂಡಿದೆ" ಎಂದರೆ, "ಏನಿಲ್ಲ, ತಿಂಡಿ ತಿಂದಿಲ್ಲ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಅವಳೇ ಎಷ್ಟೋ ಸಲ ಪಾಠ ಮಾಡಿದ್ದಳು. ಈಗ ಸುಮ್ಮಸುಮ್ಮನೆ ಬ್ಯಾಗನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಗೌರಿಯ ಪ್ರಬಂಧ ಬರೆದಿಟ್ಟುಕೊಂಡಿದ್ದ ಕಂದು ರಟ್ಟಿನ ಹಳೆಯ ನೋಟ್‌ಬುಕ್ ಅದರಲ್ಲೇ ಇತ್ತು.

ಬ್ರೇಕ್ ಬೆಲ್ ಹೊಡೆದಾಗ ಲುಬ್ನಾ ನೀರಿನ ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಶಿವಾಜಿನಗರದ ಹುಡುಗಿ. ತಂದೆ ನಯಾಜ್‌ಗೆ ಸೋಫಾ ರಿಪೇರಿಯ ಅಂಗಡಿ. ಮನೆಯಲ್ಲಿ ಮಾತಾಡುವುದು ದಖನಿ ಉರ್ದು, ಓದುವುದು ಇಂಗ್ಲಿಷ್ ಮೀಡಿಯಂ. ಆದರೂ ಬಿ ಸೆಕ್ಷನ್ನಿನಲ್ಲಿ ಒತ್ತಕ್ಷರ ತಪ್ಪದೆ ಬರೆಯುವವಳು ಅವಳೊಬ್ಬಳೇ. ಸುಕನ್ಯಳಿಗೆ ಅವಳನ್ನು ಕಂಡರೆ ಹೆಮ್ಮೆ. ಕನ್ನಡ ಇಲ್ಲದ ಮನೆಯ ಮಕ್ಕಳಿಗೆ ಹೊತ್ತುಕೊಂಡು ಹೋಗುವಷ್ಟು ಕನ್ನಡವನ್ನು ಕಟ್ಟಿ ಕೊಡುತ್ತಿದ್ದೇನೆ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

"ಲುಬ್ನಾ, ರಜೇಲಿ ಎಲ್ಲಿಗೆ ಹೋಗಿದ್ದೆ?"

"ಎಲ್ಲೂ ಇಲ್ಲ ಮಿಸ್. ಅಮ್ಮಿ ಜೊತೆ ಸೀರೆಗೆ ಕುಚ್ಚು ಕಟ್ತಿದ್ದೆ."

"ಅಜ್ಜಿ ಊರು?"

"ನಾನಿ ನಮ್ಮನೇಲೇ ಇರೋದು ಮಿಸ್." ಹುಡುಗಿ ಸುತ್ತ ನೋಡಿ ದನಿ ತಗ್ಗಿಸಿದಳು. "ಅಮ್ಮೀನ ಕರೆಸಿದ್ದಾರಂತೆ. ನಾನು ಹೇಳಲ್ಲ ಮಿಸ್. ಯಾರೂ ಹೇಳ್ಬಾರ್ದು ಅಂತ ಕ್ಲಾಸಲ್ಲಿ ಎಲ್ರಿಗೂ ಹೇಳಿದೀನಿ. ನೀವು ಹೇಳ್ಬೇಡಿ ಅಂದಿದ್ರಲ್ಲ."

ಹುಡುಗಿಯ ತಲೆ ಸವರಲು ಕೈ ಎತ್ತಿದ ಸುಕನ್ಯ, ಏಕೋ ನಾಚಿಕೆಯಾಗಿ, ಬಿಗಿಯಾಗಿಯೇ ಇದ್ದ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ಬಂದಳು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಲುಬ್ನಾಳ ತಾಯಿ ಉಮ್ಮೆ ಕುಲ್ಸುಂ ಪ್ರಿನ್ಸಿಪಾಲರ ಕೋಣೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತಿದ್ದರು, ಬೆರಳ ತುದಿಗಳಲ್ಲಿ ರೇಷ್ಮೆ ದಾರದ ನೇರಳೆ ಬಣ್ಣ ಅಂಟಿತ್ತು. ಮಗಳು ಪಕ್ಕದಲ್ಲಿ ನಿಂತಿದ್ದಳು. ತರಗತಿಯ ಮೇಡಂ ಇರಲಿ ಎಂದು ಶ್ರೀನಿವಾಸ್ ಸುಕನ್ಯಳನ್ನೂ ಕರೆಸಿದರು.

"ನಮ್ಮನೇಲಿ ಇರೋದು ಒಂದೇ ಫೋನು ಸರ್. ಅದೂ ಇವರಪ್ಪನ ಹತ್ರ ಅಂಗಡೀಲಿ ಇರ್ತದೆ. ಇವಳೆಲ್ಲಿಂದ ಕಾಪಿ ಮಾಡ್ತಾಳೆ?" ಎಂದ ಉಮ್ಮೆ ಕುಲ್ಸುಂ ಮಗಳ ಕಡೆ ತಿರುಗಿದರು. "ಡರ್ ನಕ್ಕೊ, ಬೋಲ್. ಹೆದರ್ಬೇಡ, ಹೇಳು. ಯಾರು ಕೊಟ್ರು ನಿಂಗೆ?"

ಲುಬ್ನಾ ನೆಲ ನೋಡಿದಳು.

"ನೋಡಮ್ಮ, ನಿನಗೆ ಒಂದು ಚಾನ್ಸ್ ಕೊಡ್ತೀನಿ." ಶ್ರೀನಿವಾಸ್ ಒಂದು ಬಿಳಿ ಹಾಳೆ, ಪೆನ್ನು ಅವಳ ಮುಂದಿಟ್ಟರು. "ಟ್ಯಾಬೂ ಬೇಡ, ಏನೂ ಬೇಡ. ನೀನು ರಜೆ ಹೇಗೆ ಕಳೆದೆ ಅಂತ ನಿನ್ನ ಸ್ವಂತ ಮಾತಲ್ಲಿ ಬರಿ. ತಪ್ಪಾದ್ರೂ ಪರವಾಗಿಲ್ಲ."

ಸುಕನ್ಯಳ ಎದೆ ಸ್ವಲ್ಪ ಹಗುರಾಯಿತು. ಜಾಣೆ, ಏನಾದರೂ ಬರೆಯುತ್ತಾಳೆ. ಕುಚ್ಚು, ದಾರ, ನಾನಿ, ಇಷ್ಟು ಬರೆದರೂ ಬದುಕಿಕೊಳ್ಳುತ್ತಾಳೆ, ಇಬ್ಬರೂ ಬದುಕಿಕೊಳ್ಳುತ್ತೇವೆ. ಮೆಟ್ರೋ ರೈಲೊಂದು ದೂರದಲ್ಲಿ ಹಾದುಹೋಯಿತು. ಹುಡುಗಿ ಹಾಳೆಗೆ ಎಡಗಡೆ ಮಾರ್ಜಿನ್ ಬಿಟ್ಟು, ತಲೆಬರಹ ಬರೆದು, ಪಟಪಟನೆ ಬರೆಯತೊಡಗಿದಳು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಹೊಡೆದುಹಾಕಲಿಲ್ಲ.

ಸುಕನ್ಯ ಎದುರಿನಿಂದ ತಲೆಕೆಳಗಾಗಿಯೇ ಓದಿದಳು. 'ಬೆಳಗಿನ ಜಾವ. ಕೋಳಿ ಕೂಗಿತು. ಅಜ್ಜಿಯ ಮನೆಯ ಅಂಗಳದಲ್ಲಿ ಗೌರಿ, ನಮ್ಮ ಪ್ರೀತಿಯ ಹಸು, ಅಂಬಾ ಎಂದಿತು.' 'ನಮ್ಮ ಪ್ರೀತಿಯ ಹಸು' ಎಂಬುದರ ಹಿಂದೆ ಮುಂದೆ ಅಲ್ಪವಿರಾಮ ಇತ್ತು. ಸುಕನ್ಯ ಬರೆಸುವಾಗ 'ಕಾಮಾ' ಎಂದು ಎರಡು ಸಲ ಬಾಯಿಬಿಟ್ಟು ಹೇಳುವ ಜಾಗವದು. ಹುಡುಗಿ ತಪ್ಪಿಸಿಕೊಳ್ಳಲು ಬರೆಯುತ್ತಿರಲಿಲ್ಲ, ಮೊಂಡುತನವೂ ಅಲ್ಲ. ರಜೆಯ ಬಗ್ಗೆ ಬರೆ ಎಂದರೆ ಬರೆಯಬೇಕಾದದ್ದು ಇದೇ ಎಂದು ನಂಬಿ, ತನಗೆ ಗೊತ್ತಿರುವ ಅತ್ಯುತ್ತಮ ಕನ್ನಡವನ್ನು ಅಲ್ಲಿ ಇಳಿಸುತ್ತಿದ್ದಳು.

ಶ್ರೀನಿವಾಸ್ ಹಾಳೆಯನ್ನು ಎಳೆದುಕೊಂಡು ನೋಡಿದರು. "ಅದೇ. ಅಕ್ಷರ ಅಕ್ಷರ ಅದೇ. ನಾನೇನು ಮಾಡ್ಲಿ ಹೇಳಿ" ಎಂದು ಉಮ್ಮೆ ಕುಲ್ಸುಂ ಕಡೆ ಕೈಚೆಲ್ಲಿ, ಟಿಸಿ ಪುಸ್ತಕ ತೆಗೆಯಲು ಟೇಬಲ್ಲಿನ ಡ್ರಾಯರ್ ಎಳೆದರು.

"ಸರ್" ಎಂದಳು ಸುಕನ್ಯ. ಬ್ಯಾಗಿನ ಜಿಪ್ಪು ಸಿಕ್ಕಿಕೊಂಡಿತು. ಎರಡು ಸಲ ಎಳೆದು, ನೋಟ್‌ಬುಕ್ ತೆಗೆದು, ಇಪ್ಪತ್ತಮೂರನೇ ಪುಟ ತೆರೆದು ಹುಡುಗಿಯ ಹಾಳೆಯ ಪಕ್ಕ ಇಟ್ಟಳು. "ಅದು ನಾನು ಬರೆಸಿದ್ದು. ಎಲ್ಲಾ ಮಕ್ಕಳಿಗೂ. ಹೇಳ್ಬೇಡಿ ಅಂದಿದ್ದೂ ನಾನೇ."

ಶ್ರೀನಿವಾಸ್ ಬೆರಳಿಟ್ಟು ಸಾಲು ಸಾಲಾಗಿ ಎರಡನ್ನೂ ಓದಿದರು. ಗಾದೆ ಬರುವವರೆಗೂ ಓದಿದರು. ಆಮೇಲೆ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು.

"ಸರ್ಕ್ಯುಲರ್‌ಗೆ ಸೈನ್ ಮಾಡಿದ್ರಿ ಅಲ್ವಾ ಮೇಡಂ."

"ಮಾಡಿದ್ದೆ ಸರ್."

"ಬೆಳಿಗ್ಗೆ ಕೇಳಿದಾಗ ಇಲ್ಲ ಅಂದ್ರಿ."

"ಅಂದೆ."

ಶ್ರೀನಿವಾಸ್ ಡ್ರಾಯರನ್ನು ಮತ್ತೆ ಮುಚ್ಚಿದರು. "ಈ ವಿಷಯ ನನ್ನ ಕೈಲಿಲ್ಲ, ಟ್ರಸ್ಟಿಗೆ ಕಳಿಸ್ಬೇಕು. ಮೂವತ್ತೊಂದರ ತನಕ ಬನ್ನಿ. ಆಮೇಲಿಂದು..." ಎಂದು ನಿಲ್ಲಿಸಿದರು. "ಈಗ ನಿಮಗೆ ಕ್ಲಾಸಿದೆ, ಹೋಗಿ. ಲುಬ್ನಾ, ನೀನೂ ಹೋಗಮ್ಮ. ನಿನ್ನದೇನೂ ಇಲ್ಲ."

ಹೊರಗೆ ಬಂದ ಮೇಲೂ ಉಮ್ಮೆ ಕುಲ್ಸುಂ ಅವರಿಗೆ ಸಮಾಧಾನವಾಗಿರಲಿಲ್ಲ. ಕಾರಿಡಾರಿನಲ್ಲಿ ಸುಕನ್ಯಳನ್ನು ನಿಲ್ಲಿಸಿ, "ಮಿಸ್, ಇವಳು ಬರೆದಿದ್ರಲ್ಲಿ ತಪ್ಪು ಏನಾದ್ರೂ ಇತ್ತಾ?" ಎಂದು ಕೇಳಿದರು.

"ಇಲ್ಲಮ್ಮ. ಒಂದೂ ಇರಲಿಲ್ಲ."

"ಮತ್ತೆ ಯಾಕೆ ಕರೆಸಿದ್ರು?"

ಉತ್ತರಕ್ಕೂ ಕಾಯದೆ ಅವರು ಮಗಳ ಕಾಲರು ಸರಿಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ಬಿ ಸೆಕ್ಷನ್ನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವಳು ಒಳಗೆ ಬಂದಾಗ ಮಕ್ಕಳು ಎಂದಿಗಿಂತ ಮೆಲ್ಲಗೆ ಎದ್ದುನಿಂತು, ಮೆಲ್ಲಗೆ ಕುಳಿತರು. ಲುಬ್ನಾ ತನ್ನ ಮೊದಲ ಬೆಂಚಿಗೆ ಹೋದಳು. ಸುಕನ್ಯ ಮುನೀಂದ್ರನ ಹತ್ತಿರ ಹೋಗಿ ಅವನ ಪ್ರಬಂಧದ ಹಾಳೆ ಕೇಳಿ ತೆಗೆದುಕೊಂಡಳು. ನಾಲ್ಕನ್ನು ಹೊಡೆದುಹಾಕಿ, ಎಷ್ಟು ಬರೆಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತು, ಒಂಬತ್ತು ಎಂದು ಬರೆದಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ಅನುಮಾನದಿಂದ ನೋಡಿದ.

"ಎಲ್ಲರೂ ಒಂದು ಹಾಳೆ ತೆಗೀರಿ" ಎಂದಳು. ಸ್ಮಾರ್ಟ್ ಬೋರ್ಡಿನ ಕಡೆ ಹೋಗದೆ, ಬಾಗಿಲ ಪಕ್ಕದ ಹಳೆಯ ಕರಿಹಲಗೆಯ ಮೇಲೆ 'ನನ್ನ ಮನೆ' ಎಂದು ಬರೆದಳು. ಆಮೇಲೆ ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. "ನಿಮ್ಮನೇಲಿ ಏನಿದೆಯೋ ಅದನ್ನ ಬರೀರಿ. ಇವತ್ತು ನಾನೇನೂ ಹೇಳಲ್ಲ."

ಹಾಳೆಗಳು ಸರಸರ ಸದ್ದು ಮಾಡಿದವು. ಮೂವತ್ತೆಂಟು ಪೆನ್ನುಗಳ ಮುಚ್ಚಳ ಬಿಚ್ಚಿದವು. ಆಮೇಲೆ ಸದ್ದು ನಿಂತಿತು. ಫ್ಯಾನು ತಿರುಗುತ್ತಿತ್ತು. ಕಿಟಕಿಯ ಪಕ್ಕ ಮುನೀಂದ್ರ ಒಬ್ಬನೇ ತಲೆ ಬಗ್ಗಿಸಿ ಏನೋ ಗೀಚತೊಡಗಿದ.

ಲುಬ್ನಾ ಎಡಗಡೆ ಮಾರ್ಜಿನ್ ಎಳೆದಳು. 'ನನ್ನ ಮನೆ' ಎಂದು ದುಂಡಗೆ ಬರೆದು, ಸ್ಕೇಲ್ ಇಟ್ಟು ಕೆಳಗೆ ಎರಡು ಗೆರೆ ಹಾಕಿದಳು. ಮುಂದಿನ ಸಾಲಿನ ಮೇಲೆ ಪೆನ್ನಿನ ಮೊನೆ ಊರಿ, ತಲೆ ಎತ್ತಿ, ಸುಕನ್ಯಳ ತುಟಿಗಳನ್ನೇ ನೋಡುತ್ತಾ ಕಾದಳು.