ಹಾಜಿರಾ ಸಹಿ ಹಾಕದ ಹೇಳಿಕೆ

೧

ಎಲ್ಲಿಂದ ಶುರು ಮಾಡಲಿ? ಸಾಬೀರನನ್ನು ಹಿಡಿದ ದಿನದಿಂದಲೋ, ಅವನ ಹೆಂಡತಿ ಹಾಜಿರಾ ದೂರು ಕೊಟ್ಟ ದಿನದಿಂದಲೋ? ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಪೆನ್ನು ಹಿಡಿದರೆ ಕೈ ತಾನಾಗಿಯೇ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆಯುತ್ತದೆ. ಮೊದಲ ಡ್ರಾಫ್ಟ್ ಹಾಗೇ ಶುರುವಾಗಿತ್ತು. ಹರಿದು ಹಾಕಿದೆ.

೨

ಎರಡನೆಯದು ರಾಮನಗರದ ಬಂಡೆ, ಎಳೆ ಬಿಸಿಲು, ಮೇಲೊಂದು ಹದ್ದು ಎಂದು ಶುರುವಾಗಿತ್ತು. (ಹದ್ದಿಗೂ ಈ ಕಥೆಗೂ ಏನು ಸಂಬಂಧ? ಏನೂ ಇಲ್ಲ. ಪುಟ ತುಂಬಲಿ ಅಂತ.) ಅದೂ ಹೋಯಿತು.

೨, ಮತ್ತೆ

ನೇರವಾಗಿಯೇ ಹೇಳುತ್ತೇನೆ. ಸಾಬೀರ ರಾಮನಗರದಲ್ಲೇ ಹುಟ್ಟಿದವನು. ಕೆಲಸ ರೀಲಿಂಗ್. ಬಿಸಿನೀರಲ್ಲಿ ಬೆಂದ ರೇಷ್ಮೆಗೂಡಿಗೆ ಬೆರಳಿಟ್ಟು ಎಳೆ ಹುಡುಕುತ್ತಾ ಇಪ್ಪತ್ತೆಂಟು ವರ್ಷ ಕಳೆದಿದ್ದಾನೆ. ಆ ಕೆಲಸ ಮಾಡುವವರ ಬೆರಳ ತುದಿ ಸವೆದು ನುಣ್ಣಗಾಗಿರುತ್ತದೆ. ರೇಷನ್ ಅಂಗಡಿಯ ಮೆಷಿನ್ ಅವರನ್ನು ಗುರುತಿಸದೆ ಕುಂಯ್ ಎನ್ನುವುದು ಕೇರಿಗೆಲ್ಲ ಗೊತ್ತು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಗೂಡು ಸಿಗದೆ ಕೆಲಸ ನಿಂತ ಒಂದು ವಾರ ಅವನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಗೋಡೌನಿಗೆ ಲೋಡಿಂಗ್ ಕೆಲಸಕ್ಕೆ ಹೋದ. ಅಲ್ಲಿ ಬಂಗಾಳಿ ಮಾತಾಡುವ ಕೂಲಿಯವರನ್ನು ಸಾಲಾಗಿ ನಿಲ್ಲಿಸಿ, ಯಾರು ವಿದೇಶದವರು ಎಂದು ಪೊಲೀಸರ ತಪಾಸಣೆ ನಡೆದಿತ್ತು. ಸಾಬೀರನೂ ಸಾಲಿನಲ್ಲಿ ನಿಂತ. ಆಧಾರ್ ಮನೆಯ ಟ್ರಂಕಿನಲ್ಲಿತ್ತು, ನಂಬರು ಬಾಯಿಪಾಠವಿತ್ತು. ಮೆಷಿನ್ ಮೇಲೆ ಹತ್ತೂ ಬೆರಳು ಇಟ್ಟ. ಒಂದನ್ನೂ ಅದು ಒಪ್ಪಲಿಲ್ಲ.

“ಬೆರಳಚ್ಚು ಎಲ್ಲೋಯ್ತಯ್ಯಾ?” ಎಂದು ಕೇಳಿದರಂತೆ.

“ಸೀರೆಗೋಯ್ತು ಸಾರ್” ಅಂದನಂತೆ.

ಅವನು ನಿಜವನ್ನೇ ಹೇಳಿದ್ದ. ತಮಾಷೆ ಮಾಡ್ತೀಯಾ ಎಂದು ವ್ಯಾನಿಗೆ ಹತ್ತಿಸಿದರು.

೪

(ಮೂರನ್ನು ಹೊಡೆದು ಹಾಕಿದ್ದೇನೆ. ಅದರಲ್ಲಿ ಸಾಬೀರನನ್ನು ಒಯ್ದ, ವಿದೇಶಿಯರೆಂದು ಅನುಮಾನ ಬಂದವರನ್ನು ಕೂಡಿಡುವ ಕೇಂದ್ರದ ಒಳಗಿನ ವರ್ಣನೆ ಇತ್ತು. ಕತ್ತಲೆ ಕೋಣೆ, ಮಿಣುಕು ದೀಪ, ಎಲ್ಲಾ ಊಹೆ. ನಾನು ಆ ಗೇಟನ್ನೂ ದಾಟಿದವನಲ್ಲ.)

ಗೊತ್ತಿರುವುದು ಇಷ್ಟೇ. ಹಾಜಿರಾ ಟ್ರಂಕಿನ ಆಧಾರ್ ಒಯ್ದು ಕೊಟ್ಟರೂ, ವೆರಿಫಿಕೇಶನ್ ಮುಗಿಯುವವರೆಗೆ ಬಿಡುವುದಿಲ್ಲ ಎಂದರು. ಎರಡು ನಿಮಿಷದ ಫೋನಿನಲ್ಲಿ ಸಾಬೀರ ಹೆಂಡತಿಗೆ ಹೇಳಿದ: ಶುಗರ್ ಮಾತ್ರೆ ಕೊಡುತ್ತಿಲ್ಲ, ಕಾಲಿನ ಗಾಯ ಕಪ್ಪಗಾಗಿದೆ. ಪಕ್ಕದಲ್ಲೊಬ್ಬ ಮುದುಕನಿದ್ದಾನೆ, ಅವನಿಗೂ ಶುಗರ್, ಅವನ ಪರವಾಗಿ ಕೇಳಲು ಹೊರಗೆ ಯಾರೂ ಇಲ್ಲ.

ಹಾಜಿರಾ ಹೇಳಿದಳು, ಅದೇ ಕೇರಿಯವನಾದ ನಾನು ದೂರು ಬರೆದುಕೊಟ್ಟೆ. ಇಂಥ ಕೇಂದ್ರಗಳ ಮೇಲೆ ಕಣ್ಣಿಡಲೆಂದೇ ಸರ್ಕಾರ ಒಂದು ಸಮಿತಿ ಮಾಡಿದೆ, ಅದಕ್ಕೆ ಕಳಿಸಿದೆವು. ಸಮಿತಿ ಅದನ್ನು ‘ಸೂಕ್ತ ಕ್ರಮಕ್ಕಾಗಿ’ ಎಂದು ಅದೇ ಕೇಂದ್ರಕ್ಕೆ ಕಳಿಸಿತು. ದೂರು ಯಾರ ಮೇಲೋ ಅವರಿಂದಲೇ ವರದಿ ಕೇಳುವುದು ನಮ್ಮ ಪದ್ಧತಿ. ಅತ್ತೆಯ ಮೇಲೆ ಸೊಸೆ ಕೊಟ್ಟ ದೂರನ್ನು ಅತ್ತೆಯ ಕೈಗೇ ಕೊಟ್ಟು, ಒಸಿ ವಿಚಾರಿಸಿ ಹೇಳವ್ವ ಅಂದ ಹಾಗೆ. ನನ್ನ ಸರ್ವೀಸಿನಲ್ಲಿ ನಾನೇ ಎಷ್ಟು ಕಳಿಸಿದ್ದೇನೋ ಲೆಕ್ಕವಿಲ್ಲ. ಉತ್ತರ ಬಂತು: ಔಷಧಿ ಸಕಾಲಕ್ಕೆ ನೀಡಲಾಗುತ್ತಿದೆ, ಆರೋಪ ಸತ್ಯಕ್ಕೆ ದೂರವಾದದ್ದು.

೫

ದೂರು ಕೊಟ್ಟ ಇಪ್ಪತ್ತೆರಡನೆಯ ದಿನ ಸಮಿತಿಯ ಅಧಿಕಾರಿ ನಯನಾ ಜೀಪಿನಲ್ಲಿ ಹಾಜಿರಾಳ ಮನೆಗೆ ಬಂದಳು. ಅಕ್ಕೂರಿನ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಮೂವತ್ತು ದಿನದೊಳಗೆ ದೂರು ಮುಗಿಸಬೇಕೆಂದು ಅವಳಿಗೆ ಮೇಲಿನಿಂದ ಒತ್ತಡ. ಕೈಯಲ್ಲೊಂದು ಟೈಪು ಮಾಡಿದ ಹೇಳಿಕೆ: ‘ನನ್ನ ದೂರು ತೃಪ್ತಿಕರವಾಗಿ ಇತ್ಯರ್ಥವಾಗಿರುತ್ತದೆ.’

“ಇಲ್ಲೊಂದು ಸೈನ್ ಮಾಡಕ್ಕ. ದೂರು ಮುಗುದ್ರೆ ಸೆಂಟರ್ನವ್ರೂ ವೆರಿಫಿಕೇಶನ್ ಬೇಗ ಮುಗುಸ್ತಾರೆ. ನಾಳೆ ನಾಳಿದ್ದು ಬುಟ್ಬುಡ್ತಾರೆ.”

“ಮಾಡ್ದಿದ್ರೆ?”

“ದೂರು ಇರೋಗಂಟ ಬುಡಾಕಾಗಲ್ಲ ಅಂತಾವ್ರೆ.”

“ಮಾತ್ರೆ ಕೊಡ್ತಾವ್ರೆ ಅಂತ ಬರ್ದವ್ರಲ್ಲ, ನೀವ್ ನೋಡಿದ್ರಾ ಮೇಡಂ?”

“ವರದಿಲಿ ಐತಲ್ಲಕ್ಕ.”

“ವರದಿ ಇರ್ಲಿ. ನೀವ್ ಒಳಿಕ್ಕೋಗಿ ನೋಡಿದ್ರಾ?”

ನಯನಾ ಇಲ್ಲವೆಂದಳು. ಆ ಮಟ್ಟಿಗೆ ಅವಳನ್ನು ಮೆಚ್ಚುತ್ತೇನೆ. ಅವಳ ಜಾಗದಲ್ಲಿ ನಾನಿದ್ದರೆ ನೋಡಿದೆ ಎನ್ನುತ್ತಿದ್ದೆ.

ಅಂತ್ಯ, ಒಂದನೆಯ ಬಗೆ

ಹಾಜಿರಾ ಸಹಿ ಹಾಕುತ್ತಾಳೆ. ಸಾಬೀರ ಕುಂಟುತ್ತಾ ಮನೆಗೆ ಬರುತ್ತಾನೆ. ಮುದುಕ ಅಲ್ಲೇ ಉಳಿಯುತ್ತಾನೆ, ಕೇಂದ್ರದಲ್ಲಿ ಎಲ್ಲ ಸರಿಯಿದೆ ಎಂಬುದಕ್ಕೆ ಹಾಜಿರಾಳ ಸಹಿಯೇ ಸಾಕ್ಷಿಯಾಗುತ್ತದೆ. ಗುಮಾಸ್ತನಾಗಿ ನನಗೆ ಇದು ಬಹಳ ಹಿಡಿಸಿತು.

ಅಂತ್ಯ, ಇನ್ನೊಂದು ಬಗೆ

ಅವಳು ಸಹಿ ಹಾಕುವುದಿಲ್ಲ. ಮೂವತ್ತು ದಿನ ಅರವತ್ತಾಗುತ್ತದೆ. ಗಾಯ ಮೇಲೇರುತ್ತದೆ. (ಇಲ್ಲಿಗೆ ನಿಲ್ಲಿಸಿದೆ. ಭಯವಾಯಿತು.)

ನಯನಾ ಇನ್ನೂ ಸಹಿಗಾಗಿ ಕಾಯುತ್ತಿದ್ದಳು; ಮೂಲೆಯಲ್ಲಿ ಕುಳಿತು ನಾನು ಪುಸ್ತಕದಲ್ಲಿ ಹೀಗೆ ಹೊಡೆದು ಬರೆದು ಮಾಡುತ್ತಿದ್ದುದನ್ನು ಹಾಜಿರಾ ನೋಡಿದಳು.

“ಏನ್ ಸಾರ್ ಬರ್ಕತಾ ಕುಂತಿದ್ದೀರಾ?”

“ಸಹಿ ಹಾಕಿಬಿಡಮ್ಮ. ಗಂಡ ಮನೆಗೆ ಬರ್ತಾನೆ. ಕಥೆನೂ ಚೆನ್ನಾಗಿ ಮುಗಿಯುತ್ತೆ.”

“ನೀವ್ ನೋಡಿದ್ದೀರಾ ಆ ರೂಮ?”

“ಇಲ್ಲ.”

“ಮೇಡಮ್ಮೂ ನೋಡಿಲ್ಲ, ನೀವೂ ನೋಡಿಲ್ಲ. ಇಬ್ರಿಗೂ ನನ್ ಸೈನ್ ಮಾತ್ರ ಬೇಕು.”

ನನಗೆ ನಾಚಿಕೆಯಾಯಿತು. ಇದನ್ನು ಬೇರೆ ಯಾವ ಬಗೆಯಲ್ಲೂ ಹೇಳಲಾರೆ.

೬

ಹಾಜಿರಾ ಹೇಳಿಕೆಯನ್ನು ಮಡಚಿ ನಯನಾಳ ಕೈಗೆ ವಾಪಸ್ ಕೊಟ್ಟಳು. ಒಳಗೆ ಹೋಗಿ ಎರಡು ಕವರಿಗೆ ಮಾತ್ರೆ ಹಾಕಿಕೊಂಡು ಬಂದಳು, ಒಂದು ಗಂಡನಿಗೆ, ಒಂದು ಹೆಸರು ಗೊತ್ತಿಲ್ಲದ ಆ ಮುದುಕನಿಗೆ.

“ನೀವು ಒಳಿಕ್ಕೋಗಿ ನೋಡ್ಕಂಡು ಬನ್ನಿ. ಕೊಡ್ತಾ ಇದ್ರೆ ನಾನೇ ಸೈನ್ ಮಾಡ್ತೀನಿ.”

“ಹೇಳ್ದೆ ಕೇಳ್ದೆ ಹೋಗೋದು ಪದ್ಧತಿ ಅಲ್ಲಕ್ಕ.”

“ಹೋಗಬ್ಯಾಡಿ ಅಂತ ರೂಲ್ ಐತಾ?”

ನಯನಾ ಬ್ಯಾಗಿನಿಂದ ಸಮಿತಿ ರಚನೆಯ ಆದೇಶ ತೆಗೆದು ನೋಡಿದಳು. ಹಾಗೊಂದು ರೂಲ್ ಇರಲಿಲ್ಲ. ಯಾವಾಗ ಬೇಕಾದರೂ ಒಳಗೆ ಹೋಗಿ ನೋಡುವ ಅಧಿಕಾರ ಸಮಿತಿಗಿದೆ ಎಂದು ಆದೇಶದ ಎರಡನೆಯ ಪುಟದಲ್ಲೇ ಇದೆ. ಮೂರು ವರ್ಷದಲ್ಲಿ ಒಬ್ಬರೂ ಹೋಗಿರಲಿಲ್ಲ, ಅಷ್ಟೆ. ಕೊನೆಗೆ ಅವಳು ಜೀಪಿನ ಹಿಂದಿನ ಬಾಗಿಲು ತೆಗೆದು, “ಹತ್ತಕ್ಕ” ಅಂದಳು. (ಅವಳಿಗೆ ಇಷ್ಟು ಧೈರ್ಯವನ್ನು ನಾನು ಬರೆದಿರಲಿಲ್ಲ. ನನ್ನ ಡ್ರಾಫ್ಟಿನಲ್ಲಿ ಅವಳು ಟೀ ಕುಡಿದು ಹೊರಟುಹೋಗುತ್ತಿದ್ದಳು.) ನಾನೂ ಹತ್ತಿದೆ.

ಕೇಂದ್ರದ ಗೇಟಿನವನು ಮುಂಚೆಯೇ ತಿಳಿಸಿರಬೇಕಿತ್ತು ಎಂದ. ನಯನಾ ಆದೇಶ ತೋರಿಸಿದಳು. ಅವನು ಓದಿದ, ಯಾರಿಗೋ ಫೋನ್ ಮಾಡಿದ, ಮತ್ತೆ ಓದಿದ. ಅಧಿಕಾರಿ ಒಬ್ಬರೇ ಹೋಗಬಹುದು, ದೂರುದಾರರು ಹೊರಗೇ ಇರಬೇಕು ಎಂದ. ನಯನಾ ಎರಡೂ ಕವರು ತೆಗೆದುಕೊಂಡು ಒಳಗೆ ಹೋದಳು.

೭

ಒಂದು ಗಂಟೆಯಾಯಿತು. ಸಾಬೀರನನ್ನು ಹೊರಗೆ ಕರೆತರಲು ನನಗೆ ಒಂದು ವಾಕ್ಯ ಸಾಕು. ಎರಡು ಸಲ ಬರೆದೆ, ಎರಡು ಸಲವೂ ಹೊಡೆದು ಹಾಕಿದೆ. ನೋಡದೆ ಬರೆದರೆ ಅದೂ ಒಂದು ವರದಿಯೇ.

ಹಾಜಿರಾ ಗೇಟಿನ ಎದುರಿಗಿದ್ದ ಕಲ್ಲಿನ ಮೇಲೆ ಕುಳಿತಿದ್ದಾಳೆ. ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಪಕ್ಕದಲ್ಲೇ ಕುಳಿತ ನನ್ನನ್ನು ನೋಡಿ ಹೇಳಿದಳು:

“ನೀವು ಊಟಕ್ಕೋಗಿ ಸಾರ್. ನಾನಿಲ್ಲೇ ಇರ್ತೀನಿ. ಮುಗೀತು ಅಂತ ಮಾತ್ರ ಬರೀಬ್ಯಾಡಿ. ಬರುದ್ರೆ ಅದುನ್ನೇ ಫೈಲ್‌ಗೆ ಹಾಕ್ಕಂಡು ಮುಚ್ಬುಡ್ತಾರೆ.”