ಗೊಲ್ಲಾಳಮ್ಮನ ಎಡೆ

ಗೋಡೆಗೆ ಒರಗಿಸಿ ಕೂರಿಸಿದ್ದ ಗೊಲ್ಲಾಳಮ್ಮನ ತಲೆ ಮತ್ತೆ ಎಡಕ್ಕೆ ವಾಲಿತು. ಹಂಪಣ್ಣ ಎರಡೂ ಕೈಯಿಂದ ಹೆಂಡತಿಯ ಗಲ್ಲ ಹಿಡಿದು ನೆಟ್ಟಗೆ ಮಾಡಿದ. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಗೋಡೆಯ ಗೂಟಕ್ಕೆ ಬಿಳಿ ಬಟ್ಟೆ ಬಿಗಿದು, ಅದನ್ನು ಅವಳ ಹಣೆಯ ಮೇಲೆ ಹಾಯಿಸಿ, ತಲೆ ಜಾರದಂತೆ ಕಟ್ಟಿದರು.

"ಕೈ ಬಿಡು ಹಂಪಣ್ಣ. ಇನ್ನ ಬೀಳಂಗಿಲ್ಲ."

ಹಂಪಣ್ಣ ತಕ್ಷಣ ಬಿಡಲಿಲ್ಲ. ಸುರಪುರದಲ್ಲಿ ಹಿಟ್ಟಿನ ಗಿರಣಿ ಹಂಪಣ್ಣ ಎಂದರೆ ನಾಲ್ಕು ಓಣಿಗೆ ಗೊತ್ತು. ಆದರೆ ಈ ನಾಲ್ಕು ಓಣಿಯ ಜನರ ಮುಂದೆ ಹೆಂಡತಿಯ ಗಲ್ಲ ಹಿಡಿದದ್ದು ಅವನ ಜೀವಮಾನದಲ್ಲಿ ಇದೇ ಮೊದಲು. ಬದುಕಿದ್ದಾಗ ಹಿಡಿದಿದ್ದರೆ ಅವಳೇ ಕೈಗೊಂದು ಬಾರಿಸಿ ಒಳಗೆ ಓಡುತ್ತಿದ್ದಳು.

"ಮುತ್ತೈದಿಯಾಗಿ ಹೋದ್ಳು, ಪುಣ್ಯವಂತಿ," ಎಂದಳು ಅಂಗಳದಲ್ಲಿ ಕೂತಿದ್ದ ಒಬ್ಬಳು.

ಹಂಪಣ್ಣನಿಗೆ ಮೈಯೆಲ್ಲ ಉರಿಯಿತು. ಆ ಪುಣ್ಯವಂತೆ ನಿನ್ನೆ ಬೆಳಿಗ್ಗೆ ಗಿರಣಿಯ ಮುಂದೆ ಜೋಳ ಕೇರುತ್ತಿದ್ದವಳು "ಯಾಕೋ ತಲಿ ತಿರಗಾಕತ್ತದ್ರಿ" ಎಂದು ಮೊರ ಕೆಳಗಿಟ್ಟು ಕೂತಿದ್ದಳು. ದವಾಖಾನೆ ಮುಟ್ಟುವ ಹೊತ್ತಿಗೆ ಮಾತು ನಿಂತಿತ್ತು, ಸಂಜೆಗೆ ಉಸಿರು. ಬಿ.ಪಿ. ಏರಿ ತಲೆಯಲ್ಲಿ ನರ ಒಡೆದಿದೆ ಎಂದರು ಡಾಕ್ಟರು. ಗುಳಿಗೆ ತೆಗೆದುಕೊಳ್ಳುತ್ತಿದ್ದಳೇ ಎಂದು ಕೇಳಿದಾಗ ಹಂಪಣ್ಣ ಬಾಯಿ ತೆರೆದು ನಿಂತಿದ್ದ. ಅವನ ಸಕ್ಕರೆ ಕಾಯಿಲೆಯ ಲೆಕ್ಕ ಅವಳಿಗೆ ಬೆರಳ ತುದಿಯಲ್ಲಿತ್ತು. ಅವಳ ತೋಳಿಗೆ ಬಿ.ಪಿ. ನೋಡುವ ಪಟ್ಟಿಯನ್ನು ಸುತ್ತಿದ್ದು ಮಾತ್ರ ನಿನ್ನೆಯೇ ಮೊದಲು.

ಮಗಳು ಬಸವೇಶ್ವರಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ರಾತ್ರಿಯೇ ಶಹಾಪುರದ ಗಂಡನ ಮನೆಯಿಂದ ಬಂದವಳು ಅತ್ತು ಅತ್ತು ದನಿ ಕೆಡಿಸಿಕೊಂಡಿದ್ದಳು.

"ಅಪ್ಪಾ, ಎಡಿಗಿ ಏನ್ ಮಾಡ್ಲಿ? ಅವ್ವಗ ಏನ್ ಸೇರ್ತಿತ್ತು?"

ಅವರ ಮನೆತನದಲ್ಲಿ ಅದೊಂದು ರೂಢಿ. ಹೆಣ ಎತ್ತುವ ಮುಂಚೆ, ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದ ಒಂದೇ ಒಂದು ಪದಾರ್ಥವನ್ನು ಎಲೆಗೆ ಹಾಕಿ ಮುಂದಿಡಬೇಕು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವಾದ್ದರಿಂದ ಪಕ್ಕದ ಮನೆಯಲ್ಲಿ ಮಾಡಿ ತರಬೇಕು. ಹಂಪಣ್ಣನ ಅಪ್ಪನಿಗೆ ಮಿರ್ಚಿ ಭಜಿ ಇಟ್ಟಿದ್ದರು. ಅಜ್ಜಿಗೆ ತಂಬಾಕು ಇಟ್ಟು ಅಯ್ಯನವರ ಕೈಯಲ್ಲಿ ಬೈಸಿಕೊಂಡಿದ್ದರು. ಯಾರ ವಿಷಯದಲ್ಲೂ ಇಷ್ಟು ಯೋಚಿಸಬೇಕಾಗಿ ಬಂದಿರಲಿಲ್ಲ.

"ಪುಂಡಿಪಲ್ಯ ಮಾಡು. ಗೊಲ್ಲಾಳಕ್ಕನ ಪುಂಡಿಪಲ್ಯ ಅಂದ್ರ ನಾ ಎರಡು ರೊಟ್ಟಿ ಹೆಚ್ಚಿಗಿ ತಿಂತಿದ್ನಿ," ಎಂದಳು ಓಣಿಯ ಒಬ್ಬಳು.

"ಅದು ನಿನಗ ಸೇರ್ತಿತ್ತವ್ವ. ಆಕಿಗಿ ಏನ್ ಸೇರ್ತಿತ್ತು, ಅದ್ ಹೇಳು," ಎಂದಳು ಇನ್ನೊಬ್ಬಳು.

"ಶೇಂಗಾ ಹಿಂಡಿ?"

"ಅದು ಅಪ್ಪಂದು," ಎಂದಳು ಬಸವೇಶ್ವರಿ.

"ಮತ್ತ ನುಚ್ಚು ಮಜ್ಜಿಗಿ?"

"ಅದು ನಂದು." ಹಾಗೆಂದವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

ಎಲ್ಲರಿಗೂ ಅವಳ ಕೈಯಡುಗೆ ಗೊತ್ತು, ಬಾಯಿರುಚಿ ಒಬ್ಬರಿಗೂ ಗೊತ್ತಿಲ್ಲ. ಎಲ್ಲರ ಕಣ್ಣೂ ಹಂಪಣ್ಣನ ಕಡೆ ತಿರುಗಿದವು. ಗಂಡನಾದವನು ಹೇಳಬೇಕಲ್ಲ. ಹಂಪಣ್ಣನಿಗೆ ಥಟ್ಟನೆ ಹೊಳೆಯಿತು, ಹೊಳೆದದ್ದಕ್ಕೆ ಜೀವ ಬಂದಂತಾಯಿತು.

"ಮಡಕಿಕಾಳು. ಮೊಳಕಿ ಒಡದ ಮಡಕಿಕಾಳಿನ ಪಲ್ಯ. ದಿನಾ ನನ್ನ ಎದುರಿಗಿ ಕುಂತು ತಿಂತಿದ್ಳು. ನನಗ ಗೊತ್ತಿಲ್ಲೇನು?"

*

ಹನ್ನೆರಡು ವರ್ಷದ ಹಿಂದೆ ಹಂಪಣ್ಣನ ಕಾಲಿನ ಗಾಯ ಮಾಯಲಿಲ್ಲವೆಂದು ಗೊಲ್ಲಾಳಮ್ಮ ಅವನನ್ನು ಶಹಾಪುರದ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಹಂಪಣ್ಣ ಕುರ್ಚಿಯಲ್ಲೇ ಕುಸಿದ. ಅವನು ಮದುವೆ ಮನೆಯಲ್ಲಿ ಹೋಳಿಗೆ ಎಣಿಸದೆ ತಿನ್ನುವ ಕುಳ.

"ತುಟ್ಟಿ ಪೌಡರಿನ ಡಬ್ಬಿ ಏನಾರ ಬರ್ಕೊಡ್ರಿ ಸಾಹೇಬ್ರ, ತರ್ತೀವಿ," ಎಂದಿದ್ದಳು ಗೊಲ್ಲಾಳಮ್ಮ.

ಡಾಕ್ಟರು ನಕ್ಕರು. "ಯಾವ ಡಬ್ಬಿನೂ ಬ್ಯಾಡಮ್ಮ. ನಿಮ್ಮನ್ಯಾಗ ಗಿರಣಿ ಅದ, ಜೋಳ ಅದ. ಅಳತಿ ಇಟ್ಟು ರೊಟ್ಟಿ, ತಟ್ಟಿ ತುಂಬ ಸೊಪ್ಪು, ಮೊಳಕಿಕಾಳು, ಸಪ್ಪನ ಮಜ್ಜಿಗಿ, ಒಂದು ಹಿಡಿ ಶೇಂಗಾ. ಅನ್ನ ಕಡಿಮಿ. ಸಕ್ಕರಿ ಬೆಲ್ಲ ಮನಿಯೊಳಗೇ ತರಬ್ಯಾಡ್ರಿ. ಗುಳಿಗಿ ತಪ್ಪಿಸಬ್ಯಾಡ್ರಿ. ಇಷ್ಟ ಮಾಡಿದ್ರ ಸಾಕು."

ಇಷ್ಟನ್ನು ಮಾಡುವುದು ಗೊಲ್ಲಾಳಮ್ಮನಿಗೆ ಕಷ್ಟವಾಗಲಿಲ್ಲ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಮರುದಿನಕ್ಕೆ ಮೊಳಕೆ. ಹಿತ್ತಲಲ್ಲಿ ರಾಜಗಿರಿ, ಮೆಂತ್ಯ. ಕಷ್ಟವಾದದ್ದು ಹಂಪಣ್ಣನನ್ನು ಊಟಕ್ಕೆ ಕೂರಿಸುವುದು. ಮೊದಲ ದಿನವೇ ತಟ್ಟೆ ದೂಡಿದ್ದ.

"ನಾ ಏನ್ ರೋಗಿಷ್ಟ ಏನು? ನನಗೊಂದು ಬ್ಯಾರೆ ಅಡಿಗಿ, ನಿಮಗೊಂದು ಬ್ಯಾರೆ? ಮೂಲ್ಯಾಗ ಕುಂತು ನಾ ಒಬ್ಬನೇ ಈ ಕಾಳು ಮುಕ್ಕಬೇಕೇನು?"

ಗೊಲ್ಲಾಳಮ್ಮ ತನ್ನ ತಟ್ಟೆಗೂ ಅದೇ ಪಲ್ಯ ಬಡಿಸಿಕೊಂಡು ಅವನ ಎದುರು ಕೂತಳು. ರೊಟ್ಟಿ ಮುರಿದು ದೊಡ್ಡ ತುತ್ತು ಮಾಡಿ ಬಾಯಿಗಿಟ್ಟು, ನುಂಗಿ, ನಕ್ಕಳು.

"ನೋಡ್ರಿ, ನನಗಂತೂ ಇದ ಭಾಳ ಸೇರ್ತದ. ನೀವು ಒಲ್ಲೆ ಅಂದ್ರ ನಿಮ್ಮ ಪಾಲೂ ನನಗ ಇರಲಿ."

ಮಕ್ಕಳಂತೆ ಹಂಪಣ್ಣ ಹಟಕ್ಕೆ ಬಿದ್ದು ತಟ್ಟೆ ಎಳೆದುಕೊಂಡಿದ್ದ. ಅಂದಿನಿಂದ ಅವನು ಒಂದು ದಿನವೂ ಒಬ್ಬನೇ ಊಟಕ್ಕೆ ಕೂರಲಿಲ್ಲ. ಗಾಯ ಮಾಯಿತು, ಸಕ್ಕರೆ ಹತೋಟಿಗೆ ಬಂತು, ಡಾಕ್ಟರು ಬೆನ್ನು ತಟ್ಟಿದರು. ಯುಗಾದಿಗೂ ಆ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಗಿರಣಿಗೆ ಬಂದವರ ಮುಂದೆ ಹಂಪಣ್ಣ, "ನಮ್ಮಾಕಿಗಿ ಸೀ ಅಂದ್ರ ಆಗಂಗಿಲ್ಲ ಬಿಡ್ರಿ, ನನಗೂ ಛಲೋನ ಆತು," ಎಂದು ಹೇಳಿಕೊಂಡು ತಿರುಗುತ್ತಿದ್ದ.

*

ಮಧ್ಯಾಹ್ನ ಇಳಿಯುವಾಗ ಗೊಲ್ಲಾಳಮ್ಮನ ಅಕ್ಕ ಅಮೃತಮ್ಮ ಮುದನಾಳದಿಂದ ಬಂದಳು. ಬಾಗಿಲಲ್ಲೇ ಚಪ್ಪಲಿ ಎಸೆದು, ತಂಗಿಯ ಕಾಲ ಮೇಲೆ ಬಿದ್ದು ಹೊರಳಾಡಿದಳು. "ನನಗಿಂತ ಸಣ್ಣಾಕಿ ನೀ, ನನಗ ಮಣ್ಣ ಕೊಡಾಕಿ ನೀ ಆಗಬೇಕಿತ್ತಲ್ಲೇ!" ಎಂದು ಅತ್ತಳು. ಹೆಂಗಸರು ಎತ್ತಿ ಕೂರಿಸಿ ನೀರು ಕುಡಿಸಿದರು. ಆಗ ಅವಳ ಕಣ್ಣು ಮುಂದಿದ್ದ ಎಲೆಯ ಮೇಲೆ ಬಿತ್ತು.

"ಇದೇನಿದು?"

"ಎಡಿ, ದೊಡ್ಡವ್ವ. ಅವ್ವಗ ಸೇರ್ತಿತ್ತಂತ ಮಡಕಿಕಾಳು..."

"ಮಡಕಿಕಾಳು?" ಅಮೃತಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿದಳು. "ಯಾರು ಹೇಳಿದ್ರು ನಿಮಗ? ಸಣ್ಣಾಕಿದ್ದಾಗಿಂದ ಇದರ ವಾಸನಿ ಬಂದ್ರ ಮನಿ ಬಿಟ್ಟು ಓಡಾಕಿ. ನಮ್ಮವ್ವ ಬಡದು ತಿನಸಿದ್ರ ವಾಂತಿ ಮಾಡ್ಕೊಂತಿದ್ಳು. ಈ ಜೀವಕ್ಕ ಇದನ್ನ ತಂದು ಇಟ್ಟೀರಲ್ಲ!"

ಹಂಪಣ್ಣನಿಗೆ ದುಃಖಕ್ಕಿಂತ ಮೊದಲು ನಾಚಿಕೆಯಾಯಿತು. ಹನ್ನೆರಡು ವರ್ಷ ಎದುರಿಗೆ ಕೂತು ದೊಡ್ಡ ದೊಡ್ಡ ತುತ್ತು ಮಾಡಿ ಬೇಗ ಬೇಗ ನುಂಗುತ್ತಿದ್ದಳಲ್ಲ, ಅದು ಹಸಿವು ಎಂದುಕೊಂಡಿದ್ದ. ಅಗಿಯದೆ ನುಂಗುತ್ತಿದ್ದಳು ಎಂಬುದು ಈಗ ಅರ್ಥವಾಯಿತು.

"ಮತ್ತ ಏನ್ ಸೇರ್ತಿತ್ತಕ್ಕ ಆಕಿಗಿ?" ಎಂದು ಕೇಳಿದ.

"ಬೆಲ್ಲ. ಬರೇ ಬೆಲ್ಲ. ಅಡಿಗಿಮನಿಗಿ ಹೋದ್ರ ಒಂದು ತುಣುಕು ಬಾಯಾಗ ಇಟ್ಕೊಂಡೇ ಹೊರಗ ಬರಾಕಿ. ಇಷ್ಟು ವರ್ಷ ಬಾಳ್ವಿ ಮಾಡಿ ನಿಮಗ ಇದು ಗೊತ್ತಿಲ್ಲೇನು?"

ಬಸವೇಶ್ವರಿ ಅಡುಗೆಮನೆಗೆ ಓಡಿದಳು. ಡಬ್ಬಿಗಳ ಸದ್ದು ಕೇಳಿಸಿತು. ಜೋಳದ ನುಚ್ಚು, ಅಗಸಿ, ಶೇಂಗಾ, ಮೆಂತ್ಯ ಎಲ್ಲ ಇದ್ದವು. ಬರಿಗೈಯಲ್ಲಿ ಬಂದು ಬಾಗಿಲಿಗೆ ಒರಗಿದಳು. "ಮನ್ಯಾಗ ಬೆಲ್ಲದ ಹರಳೂ ಇಲ್ಲ."

"ಅಂಗಡಿಗಿ ಹೋಗಿ ತರ್ತೀನಿ," ಎಂದು ಹಂಪಣ್ಣನೇ ಎದ್ದ. ಹೆಣದ ಮನೆಯ ಯಜಮಾನ ಬೆಲ್ಲ ತರಲು ಹೊರಟದ್ದನ್ನು ಕಂಡು ಜನ ಕಕ್ಕಾಬಿಕ್ಕಿಯಾದರು.

ಅಯ್ಯನವರು ಅವನ ರಟ್ಟೆ ಹಿಡಿದರು. "ಎಡಿ ಒಮ್ಮಿ ಹಿಡದಾತು, ತಮ್ಮಾ. ಅದನ್ನ ತಗದು ಇನ್ನೊಂದು ಹಿಡಿಯಂಗಿಲ್ಲ. ಹೊತ್ತು ಮುಳುಗೋದ್ರಾಗ ಮಣ್ಣಾಗಬೇಕು. ಕುಣಿ ತೋಡಿದವ್ರು ಕಾಯಾಕತ್ತ್ಯಾರ."

"ಅಯ್ಯನವರ, ಆಕಿ ಅದನ್ನ ತಿನ್ನಂಗಿಲ್ರಿ."

"ಇನ್ನ ಏನೂ ತಿನ್ನಂಗಿಲ್ಲಪ್ಪ," ಎಂದರು ಅಯ್ಯನವರು ಮೆಲ್ಲಗೆ.

ಹೆಣ ಕೂರಿಸಿ ಒಯ್ಯುವ ಹೂವಿನ ವಿಮಾನ ಬಂತು. ಹಣೆಯ ಕಟ್ಟು ಬಿಚ್ಚಿ ಗೊಲ್ಲಾಳಮ್ಮನನ್ನು ಅದರಲ್ಲಿ ಕೂರಿಸಿದರು. ಭಜನೆಯವರು ತಾಳ ಹಿಡಿದರು. ಹಂಪಣ್ಣ ಬಾಗಿಲು ದಾಟುವಾಗ, ಎದುರು ಮನೆಯ ಜೈತುನಬೀ ಗುಂಪನ್ನು ಸೀಳಿಕೊಂಡು ಬಂದು ಅವನ ಅಂಗಿ ಹಿಡಿದಳು.

"ಅಣ್ಣೋರ, ಸಿಟ್ಟಾಗಬ್ಯಾಡ್ರಿ. ಮುಂಜಾನಿಂದ ಹೇಳಬೇಕಂತ ಮಾಡಾಕತ್ತೀನಿ, ಧೈರ್ಯ ಸಾಲಲಿಲ್ಲ." ಅವಳ ಇನ್ನೊಂದು ಕೈ ಮುಷ್ಟಿ ಬಿಗಿದಿತ್ತು. "ನಮ್ಮನ್ಯಾಗ ಆಕಿದೊಂದು ಬೆಲ್ಲದ ಡಬ್ಬಿ ಅದರಿ. ಮಧ್ಯಾಹ್ನ ನೀವು ಮಕ್ಕೊಂಡ ಮ್ಯಾಲ ಜರಾ ಬರ್ತಿದ್ಳು. ಒಂದು ತುಣುಕು ಬಾಯಾಗ ಇಟ್ಕೊಂಡು, ಕರಗಾತನ ಕಣ್ಣು ಮುಚ್ಚಿ ಕುಂಡ್ರತಿದ್ಳು. ಆಮ್ಯಾಲ ಬಾಯಿ ಮುಕ್ಕಳಿಸಿ ಹೋಗ್ತಿದ್ಳು."

"ಯಾಕ?"

"ವಾಸನಿ ಬಂದ್ರ ನಿಮಗ ಆಸಿ ಆಗ್ತದಂತ್ರಿ. ಪಾಪ, ಅವ್ರು ಎಷ್ಟು ತಡಕೊಂಡಾರ ಅಂತಿದ್ಳು."

ಜೈತುನಬೀ ಅವನ ಅಂಗೈಯಲ್ಲಿ ಬೆಲ್ಲದ ತುಣುಕು ಇಟ್ಟು ತನ್ನ ಎರಡೂ ಕೈಯಿಂದ ಮುಚ್ಚಿದಳು. ಅಷ್ಟರಲ್ಲಿ ಜನ ಹಂಪಣ್ಣನನ್ನು ಮುಂದಕ್ಕೆ ದೂಡಿಕೊಂಡು ಹೋದರು.

ದಾರಿಯುದ್ದಕ್ಕೂ ಅವನು ಮುಷ್ಟಿ ಬಿಚ್ಚಲಿಲ್ಲ. ಯಾರೋ ಬಾಯಾರಿಕೆಗೆ ನೀರು ಕೊಟ್ಟರೆ ಎಡಗೈಯಲ್ಲಿ ಈಸಿಕೊಂಡ. ಸುರಪುರದ ಬಿಸಿಲಿಗೆ ಬಂಡೆಯೆಲ್ಲ ಕಾದಿತ್ತು, ಮುಷ್ಟಿಯೊಳಗೆ ಬೆವರು ಹರಿಯುತ್ತಿತ್ತು. ಕುಣಿಯೊಳಗೆ ಗೊಲ್ಲಾಳಮ್ಮನನ್ನು ಕೂರಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿದ ಮೇಲೆ ಹಂಪಣ್ಣ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದ. ಅವನ ಕೈ ಅವಳ ತುಟಿಯವರೆಗೆ ಹೋಯಿತು.

"ಬಾಯಿ ಬಿಗದಾದ ಹಂಪಣ್ಣ," ಎಂದರು ಅಯ್ಯನವರು. "ಉಡ್ಯಾಗ ಹಾಕು."

ಅವನು ಉಡಿಯ ಮೇಲೆ ಮುಷ್ಟಿ ಬಿಚ್ಚಿದ. ತುಣುಕು ಇರಲಿಲ್ಲ, ಕರಗಿತ್ತು. ಒಂದು ಸಣ್ಣ ಕಂದು ಹರಳು ಜಾರಿ ಪತ್ರಿಯ ನಡುವೆ ಬಿತ್ತು. ಬಿತ್ತೋ ಇಲ್ಲವೋ ಎಂದು ಅವನು ಇಣುಕಿ ಹುಡುಕಿದ.

"ಮಣ್ಣು ಕೊಡು. ಮೊದಲು ಗಂಡಂದು."

ಹಂಪಣ್ಣ ಅದೇ ಕೈಯಲ್ಲಿ ಮಣ್ಣು ತುಂಬಿಕೊಂಡು ಕುಣಿಯ ಮೇಲೆ ಚಾಚಿದ. ಮೇಲಿನ ಪುಡಿ ಉದುರಿತು. ಉಳಿದದ್ದು ಅಂಗೈಗೆ, ಬೆರಳ ಸಂದಿಗೆ ಅಂಟಿಕೊಂಡಿತು. ಕೈ ಕೊಡವಿದ, ಮತ್ತೂ ಕೊಡವಿದ. ಹಿಂದೆ ಮಗಳು, ಅಮೃತಮ್ಮ, ನಾಲ್ಕು ಓಣಿಯ ಜನ ಹಿಡಿಮಣ್ಣು ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು, ಹಂಪಣ್ಣ ಕೈ ಕೊಡವುತ್ತಲೇ ಇದ್ದ.