ಫ್ರಿಜ್ಜಿನಲ್ಲಿ ಎರಡು ಬಾಟಲಿ

ಗೋವಿಂದರಾಜನಗರದ ಆ ಬೀದಿಯಲ್ಲಿ ಫ್ರಿಜ್ ಇದ್ದದ್ದು ಜಯದೇವಿಯ ಮನೆಯಲ್ಲಿ ಮಾತ್ರ. ಒಂದು ದಿನ ಬೆಳ್ಳಂಬೆಳಗ್ಗೆ ಅವಳ ಹೈಸ್ಕೂಲ್ ಗೆಳತಿ ಡಾಕ್ಟರ್ ಸತ್ಯವತಿ ಬಂದು ಬಾಗಿಲು ತಟ್ಟಿದಳು. ಸುಂಕದಕಟ್ಟೆಯಲ್ಲಿ ಸಣ್ಣದೊಂದು ಹೆರಿಗೆ ಆಸ್ಪತ್ರೆ ಅವಳದು. ಕೈಯಲ್ಲಿ ಐಸ್ ತುಂಬಿದ ಡಬ್ಬ, ಅದರೊಳಗೆ ರಕ್ತದ ಎರಡು ಬಾಟಲಿ.

"ನಮ್ಮಲ್ಲಿ ನಿನ್ನೆಯಿಂದ ಕರೆಂಟಿಲ್ಲ ಕಣೇ ಜಯಾ. ತುಂಬಿದ ಬಸುರಿ ಒಬ್ಬಳಿದಾಳೆ, ಮಾಸು ಗರ್ಭದ ಬಾಯಿಗೇ ಅಡ್ಡ ಬಂದಿದೆ. ಯಾವ ಗಳಿಗೇಲಿ ರಕ್ತ ಹೋಗುತ್ತೋ, ಅಲುಗಾಡಿಸೋ ಹಾಗಿಲ್ಲ. ಅವಳಿಗೆ ಹೊಂದೋ ರಕ್ತ ತರೋಷ್ಟರಲ್ಲಿ ಸಾಕುಸಾಕಾಯ್ತು. ನಿನ್ನ ಫ್ರಿಜ್ಜಲ್ಲಿ ಇಟ್ಕೊಂಡಿರು. ಮೇಲಿನ ಐಸ್ ಖಾನೇಲಿ ಮಾತ್ರ ಇಡ್ಬೇಡ, ಐಸ್ ಕಟ್ಟಿದ್ರೆ ಕೆಟ್ಟೋಗುತ್ತೆ."

ಅತ್ತೆ ಕಲ್ಯಾಣಮ್ಮ ಪೂಜೆಯಿಂದ ಎದ್ದು ಬಂದರು. "ಲಿಂಗಪೂಜೆ ಆಗೋ ಮನೆ ಕಣೇ ಇದು. ಹಾಲಿಡೋ ಕಡೆ ಯಾರದ್ದೋ ರಕ್ತಾನಾ?"

ರಾತ್ರಿಯೆಲ್ಲ ಪರೀಕ್ಷೆಯ ಪೇಪರು ತಿದ್ದಿದ್ದ ಜಯದೇವಿಗೆ ವಾದಿಸುವ ತ್ರಾಣವಿರಲಿಲ್ಲ. ಹಾಲು, ಮೊಸರು, ಪೂಜೆಯ ಹೂವನ್ನೆಲ್ಲ ಹೊರಗೆ ತೆಗೆದು, ಬಾಟಲಿಗಳನ್ನು ನಡುವಿನ ಖಾನೆಯಲ್ಲಿಟ್ಟಳು. ಕಲ್ಯಾಣಮ್ಮ ಆಮೇಲೆ ಅಡುಗೆಮನೆಗೆ ಕಾಲಿಡಲಿಲ್ಲ. ಜಯದೇವಿಯೇ ಬೇಯಿಸಿಟ್ಟು ಸ್ಕೂಲಿಗೆ ಓಡಿದಳು.

ಸಂಜೆ ಮರಳಿದರೆ ಗೇಟಿನಲ್ಲೇ ಆಸ್ಪತ್ರೆಯ ಕಾಂಪೌಂಡರ್ ಬೈರಯ್ಯ ಸೈಕಲ್ಲಿನಿಂದ ಇಳಿಯುತ್ತಿದ್ದ.

"ರಕ್ತ ಹೋಗ್ತಾ ಇದೆಯಂತೆ ಅಮ್ಮಾ, ಬೇಗ ಬೇಕಂತೆ. ಸೈಕಲ್ ಮೇಲೆ ಕುಲುಕಿದ್ರೆ ಆಗಲ್ಲ ಅಂದ್ರು ಡಾಕ್ಟ್ರಮ್ಮ. ಆಟೋ ಹಿಡ್ಕೊಂಡು ನೀವೇ ತಂದ್ಬಿಡಿ."

ಜಯದೇವಿ ಫ್ರಿಜ್ಜಿನ ಐಸನ್ನು ಡಬ್ಬಕ್ಕೆ ತುಂಬಿ, ಬಾಟಲಿಗಳನ್ನು ಅದರಲ್ಲಿಟ್ಟುಕೊಂಡು ಬೀದಿಗಿಳಿದಳು. ಆಟೋದವರು ಒಬ್ಬರಾದ ಮೇಲೊಬ್ಬರು ಒಲ್ಲೆ ಎಂದರು. ಕೊನೆಗೊಬ್ಬ, "ಅಲ್ಲಿಂದ ಖಾಲಿ ಬರ್ಬೇಕಲ್ಲಮ್ಮ" ಎಂದು ಗೊಣಗುತ್ತಲೇ ಹತ್ತಿಸಿಕೊಂಡ. ಮಾಗಡಿ ರಸ್ತೆಯ ಒಂದೊಂದು ಗುಂಡಿಗೂ ಜಯದೇವಿ ಡಬ್ಬವನ್ನು ತೊಡೆಯಿಂದ ಮೇಲೆತ್ತಿ ಹಿಡಿದಳು. ಐಸಿಗೆ ಬೆರಳು ಮರಗಟ್ಟಿದವು.

ಆಸ್ಪತ್ರೆಯಲ್ಲಿ ಎರಡು ಬಾಟಲಿಯನ್ನೂ ಏರಿಸಿದರು. ಎಷ್ಟೋ ಹೊತ್ತಿನ ಮೇಲೆ ಸತ್ಯವತಿ ಹೊರಗೆ ಬಂದು ಗೋಡೆಗೆ ಒರಗಿ ಕುಳಿತಳು. ಕಣ್ಣು ಮುಚ್ಚಿಕೊಂಡೇ ಹೇಳಿದಳು: "ತಾಯಿ ಉಳ್ಕೊಂಡ್ಲು ಕಣೇ. ಮಗು ದಕ್ಕಲಿಲ್ಲ."

ಜಯದೇವಿ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು. ಕಲ್ಯಾಣಮ್ಮ ಬಾಗಿಲಲ್ಲೇ ಕಾದಿದ್ದರು.

"ಏನಾಯ್ತೇ?"

"ಹೆಂಗಸು ಉಳಿದ್ಲು. ಮಗು ಹೋಯ್ತು."

ಕಲ್ಯಾಣಮ್ಮ ಮೆಲ್ಲಗೆ ಕೇಳಿದರು: "ನಾಳಿದ್ದಕ್ಕೆ ಎದೆಯಲ್ಲಿ ಹಾಲು ಕಟ್ಟಿ ನೋಯುತ್ತೆ ಅವಳಿಗೆ. ನೋಡ್ಕೊಳ್ಳೋಕೆ ತಾಯಿನೋ ಅತ್ತೇನೋ ಇದಾರೇನೇ?"

"ಗೊತ್ತಿಲ್ಲ ಅತ್ತೆ. ಕೇಳ್ಲಿಲ್ಲ."

"ಕೂತ್ಕೋ. ಅನ್ನ ಬಿಸಿ ಮಾಡ್ತೀನಿ" ಎಂದು ಕಲ್ಯಾಣಮ್ಮ ಅಡುಗೆಮನೆಗೆ ಹೋದರು. ತಟ್ಟೆ ಹಿಡಿದು ಬರುವಷ್ಟರಲ್ಲಿ ಸೊಸೆ ಕಂಬಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದಳು.